ಉಸಿರಿನ ನಳಿಕೆ

ನಮ್ಮಲ್ಲಿ ಜಿಪ್ಸಿ ಅನ್ನುತ್ತಿದ್ದ ಗಾಡಿಗೆ
ಬ್ರೋಕನ್ ಹಿಲ್‌ನಲ್ಲಿ ಬೇರೆ ಹೆಸರು.
ಮೈಕಟ್ಟು ಅದೇ: ಮೊಂಡು ಮೂಗು, ಸೆಟೆದ ಬೆನ್ನು,
ಹಳ್ಳ ಬಂದಾಗಲೆಲ್ಲ ಸೊಂಟಕ್ಕೊಂದು ಗುದ್ದು.
ನನಗಿಂತ ಎರಡೇ ವರ್ಷ ಕಿರಿದು.
ಪಶುವೈದ್ಯೆ ನಾನು, ಹಲ್ಲು ನೋಡಿ ಕೊಳ್ಳಬೇಕಿತ್ತು,
ಬಣ್ಣ ನೋಡಿ ಕೊಂಡೆ.

ಪಕ್ಕದ ಮನೆಯ ಗ್ವೆನ್ ಟ್ರೆಗೀರ್
ಗಣಿಯ ಷೆಡ್ಡಿನಲ್ಲಿ ಪಂಪುಗಳ ಹೊಟ್ಟೆ ಬಿಚ್ಚಿ ಮುದುಕಿಯಾದವಳು,
ಬೇಲಿಗೆ ಮೊಣಕೈ ಊರಿ ಕೇಳಿದ್ದು ಒಂದೇ:
‘ಅಂಗಡಿಯ ಮಾತು ಬೇಡ. ಮನೆಯಲ್ಲಿ ಏನಿದೆ?’

ಹಿತ್ತಲ ಬಾಗಿಲಿನ ಹರಿದ ನೊಣಜಾಲರಿ ಇತ್ತು.
ಕತ್ತರಿಸಿ ರೇಡಿಯೇಟರಿನ ಮುಂದೆ ಕಟ್ಟಿದೆವು,
ಒಣಹುಲ್ಲಿನ ಬೀಜ ಅದರ ಗಂಟಲಿಗೆ ಇಳಿಯದ ಹಾಗೆ.
ಅವಳ ಕಡೆಯಿಂದ ಗಣಿಯ ಸವೆದ ಬೆಲ್ಟಿನ ತುಂಡು,
ಒಂದು ಕಾಲದಲ್ಲಿ ಸೀಸದ ಅದಿರು ಹೊತ್ತದ್ದು
ಈಗ ಚಕ್ರಗಳ ಹಿಂದೆ ನಾಲಗೆಯಂತೆ ಜೋತು ಕೆಸರು ನೆಕ್ಕುತ್ತದೆ.
ಮರಳಿನಲ್ಲಿ ಹೂತರೆ ಹಾಸಲಿಕ್ಕೆ
ಚರ್ಚಿನ ಹಾಲಿನಿಂದ ಕಿತ್ತೆಸೆದ ಕಂಬಳಿ,
ಎಷ್ಟು ಮಂಡಿಗಳ ಭಾರ ಕಂಡಿದೆಯೋ.
ಪ್ಲಾಸ್ಟಿಕ್ ಪಟ್ಟಿಗಳು, ನೂರಕ್ಕೆ ನಾಲ್ಕು ಡಾಲರ್.
ಅಷ್ಟೇ ಖರ್ಚು. ಔಷಧಿ ಚೀಟಿಯ ಹಿಂದೆ ಬರೆದಿಟ್ಟೆ.

ಆಮೇಲೆ ಗ್ವೆನ್ ಗಾಡಿಯಡಿ ತೂರಿ
ಹಿಂದಿನ ಅಚ್ಚಿನ ನಡುವಿನ ಗಡ್ಡೆಯನ್ನು ಬೆರಳಿನಿಂದ ಕುಟ್ಟಿದಳು.
‘ಇದು ಉಸಿರಾಡುತ್ತದೆ, ಗೊತ್ತಾ?
ಓಡಿ ಓಡಿ ಕಾದಿರುತ್ತದೆ. ತಣ್ಣನೆ ಹೊಳೆಗೆ ಇಳಿಸಿದೆಯೋ,
ಬೆನ್ನಿಗೆ ನೀರೆರಚಿದ ಮಗುವಿನ ಹಾಗೆ
ಹಾ! ಅಂತ ಒಳಗೆಳೆದುಕೊಳ್ಳುತ್ತದೆ.
ಮೂಗು ನೀರಿನಿಂದ ಮೇಲಿರಬೇಕು.’
ಅದಕ್ಕೊಂದು ಕೊಳವೆ ಬೇಕು, ಬೆರಳಿನಷ್ಟು ದಪ್ಪ.

ಕೊಳವೆಗೆ ನನ್ನಲ್ಲಿ ಬರವೇ?
ಚೀಲದಲ್ಲಿತ್ತು, ಕುರಿಗಳ ಹೊಟ್ಟೆಗೆ ಇಳಿಸುವ ನಳಿಕೆ,
ಹೊಸದು, ಇನ್ನೂ ಯಾವ ಕುರಿಯನ್ನೂ ಕಾಣದ್ದು.
ಮೂಗಿನಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆಯಿರಿ
ಎಂದು ಬೀದರಿನ ಕಾಲೇಜಿನಲ್ಲಿ ಕಲಿಸಿದ್ದರು.
ಅಚ್ಚಿನಿಂದ ಹಿಂದಿನ ದೀಪದವರೆಗೆ ಅಳೆದೆ.
ಸರಿಯಾಗಿ ಕೂತಿತು. ಹಿಡಿಕೆಗೆ ಒಂದು ಡಾಲರ್ ಇಪ್ಪತ್ತು ಸೆಂಟು.
ಆ ರಾತ್ರಿ ನನ್ನಷ್ಟು ಜಾಣೆ ಆ ಊರಲ್ಲಿ ಇರಲಿಲ್ಲ.

ಮಳೆ ಬಿದ್ದದ್ದು ಎಲ್ಲೋ ಉತ್ತರಕ್ಕೆ,
ನೀರು ಬಂದದ್ದು ನಮ್ಮ ಒಣ ಹಳ್ಳಕ್ಕೆ.
ಕೀಫನ ಫೋನು: ಟಗರಿನ ಹೊಟ್ಟೆ ಉಬ್ಬಿದೆ, ಬೇಗ ಬಾ.
ಹಳ್ಳಕ್ಕಿಳಿದೆ. ಬಾಗಿಲ ಅಂಚಿನವರೆಗೆ ಕೆಂಪು ನೀರು.
ಗಾಡಿ ಒಮ್ಮೆ ನಡುಗಿತು, ದೀಪದ ಪಕ್ಕದಿಂದ
ಉಸಿರು ತೆಗೆದುಕೊಂಡು ದಾಟಿತು.
ಬಾನೆಟ್ಟಿಗೆ ಮುತ್ತು ಕೊಡಬೇಕೆನಿಸಿತು, ಬಿಸಿಯಿತ್ತು.

ಟಗರು ಮಲಗಿತ್ತು, ಎಡಗಡೆ ನಗಾರಿ.
ಚೀಲಕ್ಕೆ ಕೈ ಹಾಕಿದೆ.
ಇನ್ನೊಂದು ಸಲ ಹಾಕಿದೆ.

ಕೀಫ್ ಏನೂ ಕೇಳಲಿಲ್ಲ,
ವೈದ್ಯೆ ತನ್ನ ಗಾಡಿಯಡಿ ತೆವಳಿ
ಕೊಳವೆಯೊಂದನ್ನು ಎಳೆದು ತೆಗೆದು
ಬಿಸಿನೀರಲ್ಲಿ ಮೂರು ಸಲ ತೊಳೆದು ಮೂಸುವುದನ್ನು
ಟೋಪಿ ಕೈಯಲ್ಲಿ ಹಿಡಿದು ನೋಡಿದ.
ಇಳಿಸಿದೆ. ಬುಸ್ಸೆಂದಿತು.
ಕೊಳೆತ ಹುಲ್ಲಿನ ನಾತ, ಅದರ ಬೆನ್ನಿಗೆ
ಸಣ್ಣಗೆ ಡೀಸೆಲ್ ಷೆಡ್ಡಿನ ವಾಸನೆ.
ಟಗರು ತಲೆಯೆತ್ತಿ ನನ್ನ ಮೊಣಕಾಲಿಗೆ ಗುಮ್ಮಿತು.

ಬಳಸಿದ್ದನ್ನು ಮತ್ತೆ ಗಾಡಿಗೆ ಸಿಕ್ಕಿಸಬಹುದಿತ್ತು.
ಸಿಕ್ಕಿಸಲಿಲ್ಲ. ಉಬ್ಬರ ಸಂಜೆಗೆ ಮರುಕಳಿಸಿದರೆ?
ನಳಿಕೆ ಕೀಫನ ಕೈಗೆ ಕೊಟ್ಟು, ಹೇಗೆಂದು ತೋರಿಸಿ,
ಮೂಗು ತೆರೆದ ಗಾಡಿಯನ್ನು ಅದೇ ನೀರಿಗೆ ಇಳಿಸಿದೆ.
ಕೇಳಿಸಿತು. ಕೇಳಿಸಿದ್ದು ಭ್ರಮೆಯೂ ಇರಬಹುದು:
ಹಾ!

ಭಾನುವಾರ ಗ್ವೆನ್ ಬೋಲ್ಟು ಬಿಚ್ಚಿದಾಗ
ಎಣ್ಣೆಯ ಬದಲು ಹಾಲು ಹೆಚ್ಚಾದ ಚಹಾ ಇಳಿಯಿತು.
ನೋಡಿದಳು, ನನ್ನನ್ನು ನೋಡಿದಳು.
‘ಟಗರು?’
‘ಮೇಯುತ್ತಿದೆ.’
ಎಣ್ಣೆ ನಲವತ್ತೆರಡು ಡಾಲರ್. ಚೀಟಿಯಲ್ಲಿ ಅದನ್ನೂ ಬರೆದೆ.
ಕೆಳಗೆ ಅವಳು, ಗ್ರೀಸಿನ ಬೆರಳಲ್ಲಿ,
ತನ್ನ ಬಟ್ಟೆಯಂತ್ರದ ಹಳೆ ಕೊಳವೆಯನ್ನು
‘ಉಚಿತ’ ಎಂದು ಸೇರಿಸಿದಳು.